ಸೀತಾಳೆ ದಂಡೆ ಯಾರ್ಯಾರನ್ನು ನಂಬಿಕೊಂಡಿದೆ?

ಮಲೆನಾಡಿನಲ್ಲಿ ಮನೆ ಹತ್ತಿರದ ಮಾವನ್ನೋ ಹಲಸನ್ನೋ ಸವರಿಸುವಾಗ ಒಂದು ಮಾತು ಆಗಾಗ ಕೇಳಿಬರುತ್ತದೆ. "ಆ ಬಂದಳಿಕೆ ಎಲ್ಲ ಕಿತ್ತು ಹಾಕಿ ಮಾರಾಯ್ರೆ, ಮರದ ಸಾರ ಪೂರ್ತಿ ಅದೇ ಹೀರ್ತಿದೆ." ಹಾಗೆ ಕಿತ್ತು ಹಾಕಿದ ರಾಶಿಯಲ್ಲಿ ನಿಜವಾದ ಬಂದಳಿಕೆ ಇರುತ್ತದೆ. ಅದರ ಜೊತೆಗೇ ದಪ್ಪ ಎಲೆಯ, ದಪ್ಪ ಬಿಳಿ ಬೇರಿನ ಸೀತಾಳೆಯೂ ಬಿದ್ದಿರುತ್ತದೆ. ಎರಡೂ ಮರದ ಮೇಲೆ ಬೆಳೆಯುತ್ತವೆ ನಿಜ. ಆದರೆ ಸೀತಾಳೆ ಮರದಿಂದ ಒಂದು ತೊಟ್ಟು ರಸವನ್ನೂ ತೆಗೆದುಕೊಳ್ಳುವುದಿಲ್ಲ. ಹಾಗಂತ ಅದು ಯಾರ ಹಂಗೂ ಇಲ್ಲದೆ ಬದುಕುವ ಗಿಡವೂ ಅಲ್ಲ. ಅದಕ್ಕೆ ಮರ ಬೇಕು, ಮರದ ತೊಗಟೆಯಲ್ಲಿ ಕಣ್ಣಿಗೆ ಕಾಣದ ಶಿಲೀಂಧ್ರ ಬೇಕು, ಹೂವಿಗೆ ಬರುವ ಕೀಟ ಬೇಕು, ಆ ಕೀಟಕ್ಕೆ ವರ್ಷವಿಡೀ ಊಟ ಹಾಕುವ ಬೇರೆ ಗಿಡಮರಗಳೂ ಬೇಕು. ಇದರಲ್ಲಿ ಒಂದು ಕೊಂಡಿ ತಪ್ಪಿದರೂ ಇರುವ ಗಿಡ ಬದುಕಿರಬಹುದು, ಮುಂದಿನ ಪೀಳಿಗೆ ಹುಟ್ಟುವುದಿಲ್ಲ. ಇದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಈ ಗಿಡದ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಸೀತಾಳೆ ದಂಡೆ ಅಂದರೆ ರಿಂಕೋಸ್ಟೈಲಿಸ್ ರೆಟ್ಯೂಸಾ ಅನ್ನುವ ಕಾಡು ಆರ್ಕಿಡ್. ಮಳೆಗಾಲ ಶುರುವಾಗುವ ಆಸುಪಾಸಿನಲ್ಲಿ, ರೋಹಿಣಿ ಮಳೆ, ಮೃಗಶಿರ ಮಳೆ ಹೊತ್ತಿಗೆ ಎಲೆಗಳ ಸಂದಿನಿಂದ ಉದ್ದನೆಯ ಹೂಗೊಂಚಲು ಇಳಿಬಿಡುತ್ತದೆ. ಒಂದೊಂದು ಗೊಂಚಲಲ್ಲಿ ನೂರಕ್ಕೂ ಜಾಸ್ತಿ ಹೂ ಇರಬಹುದು. ಬಿಳಿ ಎಸಳು, ಅದರ ಮೇಲೆ ನೇರಳೆ ಚುಕ್ಕಿ, ನಡುವೆ ಗಾಢ ಬಣ್ಣದ ತುಟಿ. ಮುಡಿಯಲು ಹೆಣೆಯುವ ಕೆಲಸವೇ ಇಲ್ಲ, ಗಿಡವೇ ದಂಡೆ ಮಾಡಿ ಕೊಟ್ಟಿರುತ್ತದೆ. ಅಸ್ಸಾಮಿನಲ್ಲಿ ಇದೇ ಹೂವನ್ನು ಕೊಪೌ ಫೂಲ್ ಅನ್ನುತ್ತಾರೆ. ಬಿಹು ಕುಣಿತದ ಹೆಣ್ಣುಮಕ್ಕಳು ಮುಡಿಗೆ ಸುತ್ತಿಕೊಳ್ಳುವುದು ಇದನ್ನೇ. ಅಸ್ಸಾಂ, ಅರುಣಾಚಲ ಪ್ರದೇಶ ಎರಡಕ್ಕೂ ಇದೇ ರಾಜ್ಯದ ಹೂವು.

ಮೊದಲು ಬಂದಳಿಕೆಯ ಗೊಂದಲ ಮುಗಿಸಿಬಿಡೋಣ. ಬಂದಳಿಕೆಯ ಹಣ್ಣನ್ನು ಬದನಿಕೆ ಹಕ್ಕಿ ತಿನ್ನುತ್ತದೆ, ಅಂಟುಅಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಅಲ್ಲಿ ಮೊಳೆತ ಬೀಜ ತೊಗಟೆಯನ್ನು ಸೀಳಿ ಒಳಗಿನ ಕಟ್ಟಿಗೆಯವರೆಗೂ ಬೇರಿನಂಥ ಒಂದು ಅಂಗವನ್ನು ಇಳಿಸುತ್ತದೆ. ಮರದ ನೀರು, ನೀರಲ್ಲಿ ಕರಗಿದ ಲವಣ ಎರಡನ್ನೂ ಅಲ್ಲಿಂದಲೇ ಎಳೆದುಕೊಳ್ಳುತ್ತದೆ. ಬಂದಳಿಕೆ ಜಾಸ್ತಿಯಾದರೆ ಕೊಂಬೆ ಸೊರಗುವುದು ಇದರಿಂದ. ಸೀತಾಳೆಯ ಬೇರು ತೊಗಟೆಯ ಒಳಗೆ ಹೋಗುವುದೇ ಇಲ್ಲ. ಮೇಲ್ಗಡೆ ಅಪ್ಪಿಕೊಂಡು ಹರಿಯುತ್ತದೆ, ಅರ್ಧ ಬೇರು ಗಾಳಿಯಲ್ಲೇ ಜೋತಾಡುತ್ತಿರುತ್ತದೆ. ಮರ ಅದಕ್ಕೆ ಕೊಡುವುದು ಜಾಗ ಮತ್ತು ಎತ್ತರ. ಕಾಡಿನ ನೆಲದಲ್ಲಿ ಸಿಗದ ಬೆಳಕು ಆ ಎತ್ತರದಲ್ಲಿ ಸಿಗುತ್ತದೆ.

ಹಾಗಾದರೆ ನೀರು ಎಲ್ಲಿಂದ? ಒಣಗಿದ ದಿನ ಒಂದು ಬೇರನ್ನು ಹತ್ತಿರದಿಂದ ನೋಡಿ. ಬೂದಿ ಮೆತ್ತಿದ ಹಾಗೆ ಬೆಳ್ಳಗಿರುತ್ತದೆ. ಅದರ ಮೇಲೆ ನಾಲ್ಕು ಹನಿ ನೀರು ಹಾಕಿ. ಕಣ್ಣೆದುರೇ ಆ ಜಾಗ ಹಸಿರಾಗುತ್ತದೆ. ಬೇರಿನ ಹೊರಪದರವನ್ನು ವೆಲಮೆನ್ ಅನ್ನುತ್ತಾರೆ. ಅದು ಸತ್ತ ಜೀವಕೋಶಗಳ ಪದರ. ಒಳಗೆಲ್ಲ ಟೊಳ್ಳು. ಒಣಗಿದಾಗ ಗಾಳಿ ತುಂಬಿಕೊಂಡು ಬೆಳ್ಳಗೆ ಕಾಣುತ್ತದೆ, ನೆನೆದ ತಕ್ಷಣ ನೀರು ತುಂಬಿಕೊಂಡು ಪಾರದರ್ಶಕವಾಗುತ್ತದೆ, ಆಗ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಹೌದು, ಬೇರಿನಲ್ಲೂ ಪತ್ರಹರಿತ್ತು ಇದೆ, ಬೇರೂ ಬಿಸಿಲಲ್ಲಿ ಆಹಾರ ತಯಾರಿಸುತ್ತದೆ. ಈ ಪದರಕ್ಕೆ ಇನ್ನೊಂದು ಮುಖ್ಯ ಕೆಲಸವಿದೆ. ಮಳೆ ಶುರುವಾದ ಮೊದಲ ಕೆಲವು ನಿಮಿಷ ಕೊಂಬೆಯ ಮೇಲಿಂದ ಇಳಿದುಬರುವ ನೀರಿದೆಯಲ್ಲ, ಅದರಲ್ಲಿ ಎಲೆಯ ಮೇಲಿನ ಧೂಳು, ಹಕ್ಕಿಯ ಹಿಕ್ಕೆ, ಕೊಳೆತ ತರಗಿನ ಸಾರ ಎಲ್ಲ ಕರಗಿರುತ್ತದೆ. ಆಮೇಲೆ ಬರುವ ನೀರು ಸಪ್ಪೆ. ವೆಲಮೆನ್ ಆ ಮೊದಲ ನೀರನ್ನೇ ಹಿಡಿದಿಟ್ಟುಕೊಂಡು ನಿಧಾನವಾಗಿ ಒಳಗೆ ಬಿಟ್ಟುಕೊಡುತ್ತದೆ. ಮಣ್ಣೇ ಇಲ್ಲದ ಗಿಡಕ್ಕೆ ಗೊಬ್ಬರ ಸಿಗುವ ದಾರಿ ಇದು.

ಇಲ್ಲಿವರೆಗಿನದ್ದು ಬೆಳೆದ ಗಿಡದ ಕಥೆ. ನಿಜವಾದ ಕಷ್ಟ ಇರುವುದು ಹುಟ್ಟುವುದರಲ್ಲಿ.

ಸೀತಾಳೆಯ ಕಾಯಿ ಮಾಗಿದ ಮೇಲೆ ಉದ್ದುದ್ದಕ್ಕೆ ಬಿರಿಯುತ್ತದೆ. ಒಳಗಿರುವುದನ್ನು ಬೀಜ ಅಂತ ಹೇಳಿದರೆ ನಂಬುವುದು ಕಷ್ಟ. ಸುಮ್ನೆ ಹಳದಿ ಹುಡಿ ಅಷ್ಟೇ, ಉಸಿರು ತಾಕಿದರೂ ಹಾರಿಹೋಗುತ್ತದೆ. ಆರ್ಕಿಡ್ ಜಾತಿಗಳ ಒಂದೊಂದು ಕಾಯಲ್ಲಿ ಸಾವಿರಾರು ಬೀಜ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ. ಇಷ್ಟು ಹಗುರ ಮಾಡಿಕೊಳ್ಳಲು ಅದು ಏನನ್ನು ಬಿಟ್ಟುಕೊಟ್ಟಿದೆ ಅಂತ ನೋಡಬೇಕು. ಅವರೆ ಬೀಜವೋ ಭತ್ತದ ಕಾಳೋ ಹೊರಡುವಾಗ ದಾರಿಗೆ ಬುತ್ತಿ ಕಟ್ಟಿಕೊಂಡೇ ಹೊರಡುತ್ತದೆ. ಮೊಳಕೆ ಒಡೆದು, ಬೇರು ಬಿಟ್ಟು, ಎರಡು ಎಲೆ ಬಿಡುವ ತನಕ ಬೇಕಾದ ಪಿಷ್ಟ, ಎಣ್ಣೆ, ಪ್ರೋಟೀನು ಎಲ್ಲ ಅದರೊಳಗೇ ಇರುತ್ತದೆ. ಆರ್ಕಿಡ್ ಬೀಜದ ಹತ್ತಿರ ಆ ಬುತ್ತಿ ಇಲ್ಲ. ಕೆಲವೇ ಜೀವಕೋಶಗಳ ಒಂದು ಭ್ರೂಣ, ಅದರ ಸುತ್ತ ಗಾಳಿ ತುಂಬಿದ ತೆಳು ಸಿಪ್ಪೆ. ಮುಗಿಯಿತು. ಎಷ್ಟು ದೂರ ಬೇಕಾದರೂ ಹಾರಬಲ್ಲದು, ಆದರೆ ಬಿದ್ದ ಜಾಗದಲ್ಲಿ ತನ್ನ ಬಲದ ಮೇಲೆ ಬೆಳೆಯಲಾರದು.

ಡಾರ್ವಿನ್ ಅವರಿಗೆ ಇದು ಬಿಡಿಸಲಾಗದ ಪ್ರಶ್ನೆಯಾಗಿತ್ತು. ಆರ್ಕಿಡ್ ಹೂಗಳ ಪರಾಗಸ್ಪರ್ಶದ ಬಗ್ಗೆ ಅವರು 1862ರಲ್ಲಿ ಒಂದು ಇಡೀ ಪುಸ್ತಕ ಬರೆದವರು. ಇಂಗ್ಲೆಂಡಿನ ಒಂದು ನೆಲದ ಆರ್ಕಿಡ್‌ನ ಬೀಜಗಳ ಲೆಕ್ಕ ಹಾಕಿದಾಗ ಒಂದು ಕಾಯಿಗೆ ಸುಮಾರು 6,200 ಬೀಜ ಸಿಕ್ಕಿತು. ಒಂದು ಗಿಡದಲ್ಲಿ 30 ಕಾಯಿ ಇದ್ದರೆ 1,86,000ಕ್ಕೂ ಹೆಚ್ಚು. ಎಲ್ಲವೂ ಮೊಳೆತರೆ ಒಂದೇ ಗಿಡದ ಮರಿಮಕ್ಕಳ ಕಾಲಕ್ಕೆ ಭೂಮಿಯ ನೆಲವೆಲ್ಲ ಹೆಚ್ಚುಕಡಿಮೆ ಅದೇ ಗಿಡದಿಂದ ಮುಚ್ಚಿಹೋಗುತ್ತದೆ ಅಂತ ಬರೆದರು. ಹಾಗಾಗುತ್ತಿಲ್ಲ ಅಲ್ವಾ? ಅಷ್ಟೂ ಬೀಜ ಎಲ್ಲಿ ಹೋಗುತ್ತದೆ, ತಡೆಯುವುದು ಯಾವುದು ಅನ್ನುವುದಕ್ಕೆ ಅವರ ಕಾಲದಲ್ಲಿ ಉತ್ತರ ಇರಲಿಲ್ಲ.

ಉತ್ತರದ ಎಳೆ ಸಿಕ್ಕಿದ್ದು 1899ರ ಮೇ ತಿಂಗಳಲ್ಲಿ, ಫ್ರಾನ್ಸಿನ ಫೋಂಟೆನ್‌ಬ್ಲೋ ಕಾಡಿನಲ್ಲಿ. ನೋಯೆಲ್ ಬರ್ನಾರ್ ಅನ್ನುವ ಸಸ್ಯವಿಜ್ಞಾನಿ ಆಗ ಸೈನ್ಯದ ಕಡ್ಡಾಯ ಸೇವೆಯಲ್ಲಿದ್ದರು, ಇನ್ನೂ 25ರ ಹರೆಯ. ಅಲ್ಲಿನ ಕಾಡಿನ ನೆಲದಲ್ಲಿ ನಿಯೋಟಿಯಾ ಅನ್ನುವ ಆರ್ಕಿಡ್ ಇದೆ, ಎಲೆ ಇಲ್ಲ, ಹಸಿರೂ ಇಲ್ಲ, ಪೂರ್ತಿ ಕಂದು. ಅದರ ಒಂದು ಹಳೆಯ ಕಾಯಿಗೊಂಚಲು ತರಗೆಲೆಯ ಅಡಿ ಹೂತುಹೋಗಿತ್ತು. ಬಿಡಿಸಿ ನೋಡಿದರೆ ಒಳಗಿನ ಬೀಜಗಳು ಮೊಳೆಯುತ್ತಿದ್ದವು. ಸೂಕ್ಷ್ಮದರ್ಶಕದ ಅಡಿ ಇಟ್ಟರೆ ಮೊಳೆತ ಬೀಜಗಳ ಒಳಗೆಲ್ಲ ಶಿಲೀಂಧ್ರದ ಎಳೆ. ಶಿಲೀಂಧ್ರ ಹೊಕ್ಕಿದ್ದರಿಂದಲೇ ಬೀಜ ಮೊಳೆಯಿತು ಅಂತ ಬರ್ನಾರ್ ಊಹಿಸಿದರು. ಮುಂದಿನ ವರ್ಷಗಳಲ್ಲಿ ಆ ಶಿಲೀಂಧ್ರವನ್ನು ಬೇರೆ ಮಾಡಿ ಬೆಳೆಸಿ, ಅದನ್ನು ಬೀಜದ ಜೊತೆ ಸೇರಿಸಿ ಮೊಳೆಸಿ ತೋರಿಸಿದರು. ಇಷ್ಟು ಮಾಡಿದವರು 1911ರಲ್ಲಿ ತೀರಿಕೊಂಡರು, 40 ಕೂಡ ಆಗಿರಲಿಲ್ಲ. ಆರ್ಕಿಡ್ ವಿಷಯದಲ್ಲಿ ಡಾರ್ವಿನ್ ಹೆಸರು ಎಲ್ಲರಿಗೂ ಗೊತ್ತು, ಬರ್ನಾರ್ ಹೆಸರು ಅಷ್ಟಾಗಿ ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಅವರ ಹೆಸರೂ ಅಷ್ಟೇ ದೊಡ್ಡದಾಗಿ ಹೇಳಬೇಕಾದ್ದು.

ಈಗ ಆ ಒಂದು ಬೀಜದೊಳಗೆ ಏನಾಗುತ್ತದೆ ನೋಡೋಣ. ಗಾಳಿಯಲ್ಲಿ ಹಾರಿದ ಬೀಜ ತೊಗಟೆಯ ಒಂದು ಬಿರುಕಿನಲ್ಲಿ ಕೂತಿದೆ ಅಂದುಕೊಳ್ಳಿ. ತೇವ ಹೀರಿ ಸ್ವಲ್ಪ ಉಬ್ಬುತ್ತದೆ. ಅದೇ ಬಿರುಕಿನಲ್ಲಿ ಸತ್ತ ತೊಗಟೆಯನ್ನೋ ಹಾವಸೆಯ ಅವಶೇಷವನ್ನೋ ಕೊಳೆಯಿಸಿ ತಿನ್ನುತ್ತಾ ಬದುಕುವ ಶಿಲೀಂಧ್ರ ಒಂದಿದ್ದರೆ, ಅದರ ಎಳೆ ಬೀಜದ ಒಂದು ತುದಿಯಿಂದ ಒಳಗೆ ನುಗ್ಗುತ್ತದೆ. ಟುಲಸ್ನೆಲ್ಲಾ, ಸೆರಟೊಬೆಸಿಡಿಯಂ ಅನ್ನುವ ಗುಂಪಿನವು ಆರ್ಕಿಡ್‌ಗಳ ಜೊತೆ ಹೆಚ್ಚಾಗಿ ಕಾಣುತ್ತವೆ. ಬೇರೆ ಗಿಡವಾಗಿದ್ದರೆ ಇದನ್ನು ರೋಗ ಅನ್ನುತ್ತಿದ್ದೆವು. ಇದೇ ಬಳಗದ ಶಿಲೀಂಧ್ರಗಳು ಬೆಳೆಗಳಿಗೆ ರೋಗ ತರುವುದೂ ಉಂಟು. ಆರ್ಕಿಡ್‌ನ ಜೀವಕೋಶದೊಳಗೆ ಹೋದ ಎಳೆ ಅಲ್ಲೇ ಸುತ್ತಿ ಸುತ್ತಿ ಉಂಡೆಯಾಗುತ್ತದೆ. ಈ ಉಂಡೆಗಳನ್ನು ಪೆಲೊಟಾನ್ ಅನ್ನುತ್ತಾರೆ. ಶಿಲೀಂಧ್ರ ಹೊರಗಿನಿಂದ ತಂದ ಸಕ್ಕರೆ, ಸಾರಜನಕ, ರಂಜಕ ಇಲ್ಲಿ ಗಿಡಕ್ಕೆ ಸೇರುತ್ತದೆ. ಸ್ವಲ್ಪ ಕಾಲ ಕಳೆದ ಮೇಲೆ ಜೀವಕೋಶ ಆ ಉಂಡೆಯನ್ನೇ ಕರಗಿಸಿಕೊಂಡುಬಿಡುತ್ತದೆ. ಹೊಸ ಎಳೆ ಬರುತ್ತದೆ, ಅದೂ ಉಂಡೆಯಾಗುತ್ತದೆ, ಅದೂ ಕರಗುತ್ತದೆ. ಹೀಗೆ ಉಣ್ಣುತ್ತಾ ಬೀಜ ಒಂದು ಸಣ್ಣ ಗಂಟಾಗುತ್ತದೆ. ಅದಕ್ಕೆ ಎಲೆ ಇಲ್ಲ, ಬೇರಿಲ್ಲ. ಪ್ರೊಟೊಕಾರ್ಮ್ ಅಂತ ಅದರ ಹೆಸರು. ಮೊದಲ ಎಲೆ, ಮೊದಲ ಬೇರು ಬರುವುದು ಆಮೇಲೆ. ಹೂ ಬಿಡಲು ಇನ್ನೂ ನಾಲ್ಕಾರು ವರ್ಷ.

ಶಿಲೀಂಧ್ರಕ್ಕೆ ಇದರಿಂದ ಏನು ಸಿಗುತ್ತದೆ? ಬಹಳ ಕಾಲ ಇದೊಂದು ಒಮ್ಮುಖದ ವ್ಯವಹಾರ, ಆರ್ಕಿಡ್ ಬರೀ ತಿನ್ನುತ್ತದೆ ಅಂತಲೇ ನಂಬಿದ್ದರು. 2006ರಲ್ಲಿ ಡಂಕನ್ ಕ್ಯಾಮರೂನ್ ಮತ್ತು ಜೊತೆಗಾರರು ಗುಡಯೆರಾ ರೆಪೆನ್ಸ್ ಅನ್ನುವ, ಪೈನ್ ಕಾಡುಗಳಲ್ಲಿ ಬೆಳೆಯುವ ಒಂದು ಸಣ್ಣ ಆರ್ಕಿಡ್ ಮೇಲೆ ಪ್ರಯೋಗ ಮಾಡಿದರು. ಗುರುತು ಹಚ್ಚಿದ ಇಂಗಾಲ ಕೊಟ್ಟು ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬೆನ್ನುಹತ್ತಿದರು. ಹಸಿರು ಎಲೆ ಬಂದ ಮೇಲೆ ಗಿಡ ತಾನು ತಯಾರಿಸಿದ ಇಂಗಾಲವನ್ನು ಶಿಲೀಂಧ್ರಕ್ಕೆ ವಾಪಸ್ ಕೊಡುತ್ತದೆ ಅನ್ನುವುದು ಸಿಕ್ಕಿತು. ಚಿಕ್ಕಂದಿನಲ್ಲಿ ತಿಂದದ್ದನ್ನು ದೊಡ್ಡವಾದ ಮೇಲೆ ತೀರಿಸುತ್ತದೆ, ಕನಿಷ್ಠ ಆ ಜಾತಿಯಲ್ಲಿ.

ಎಲ್ಲ ಆರ್ಕಿಡ್‌ಗಳೂ ಹಾಗೆ ತೀರಿಸುವುದಿಲ್ಲ. ನಮ್ಮ ಪಶ್ಚಿಮಘಟ್ಟದಲ್ಲೇ ಎಪಿಪೋಗಿಯಂ ರೋಸಿಯಂ ಅನ್ನುವ ಒಂದು ಗಿಡವಿದೆ. ವರ್ಷದ ಬಹುಪಾಲು ಮಣ್ಣಿನಡಿ ಇರುತ್ತದೆ, ಮಳೆ ಸರಿಯಾಗಿ ಹಿಡಿದ ಮೇಲೆ ತರಗೆಲೆ ಸರಿಸಿ ಬೆಳ್ಳನೆ ಮೇಲೆ ಬರುತ್ತದೆ, ಕೆಲವೇ ದಿನಗಳಲ್ಲಿ ಹೂ ಬಿಟ್ಟು ಕಾಯಿ ಕಟ್ಟಿ ಮುಗಿಸಿಬಿಡುತ್ತದೆ. ಒಂದೂ ಎಲೆ ಇಲ್ಲ, ಒಂದು ಚೂರೂ ಹಸಿರಿಲ್ಲ. ಜೀವನಪೂರ್ತಿ ಶಿಲೀಂಧ್ರ ಹಾಕಿದ ಊಟದ ಮೇಲೇ ಬದುಕುತ್ತದೆ. ಬರ್ನಾರ್ ಕಂಡ ನಿಯೋಟಿಯಾದ್ದು ಇನ್ನೂ ಸುತ್ತುಬಳಸಿನ ದಾರಿ. ಅದರ ಶಿಲೀಂಧ್ರ ಅಲ್ಲಿನ ಬೀಚ್ ಮರಗಳ ಬೇರಿಗೂ ಹೆಣೆದುಕೊಂಡಿರುತ್ತದೆ, ಮರದಿಂದ ಸಕ್ಕರೆ ತೆಗೆದುಕೊಳ್ಳುತ್ತದೆ. ಅದೇ ಸಕ್ಕರೆ ಆರ್ಕಿಡ್‌ಗೂ ಬರುತ್ತದೆ. ಅಂದರೆ ಎಲ್ಲೋ ಎತ್ತರದಲ್ಲಿ ಬೀಚ್ ಎಲೆ ಬಿಸಿಲಲ್ಲಿ ಮಾಡಿದ ಅಡುಗೆ, ಬೇರಿಗಿಳಿದು, ಶಿಲೀಂಧ್ರದ ಎಳೆಯಲ್ಲಿ ಹರಿದು, ಕತ್ತಲಲ್ಲಿ ಕೂತ ಒಂದು ಕಂದು ಗಿಡದ ಹೊಟ್ಟೆ ಸೇರುತ್ತದೆ. ನನಗೆ ಇದನ್ನು ಎಷ್ಟು ಸಲ ಓದಿದರೂ ಬೇಜಾರಾಗುವುದಿಲ್ಲ.

ಮತ್ತೆ ಸೀತಾಳೆಗೆ ಬರೋಣ. ಇಷ್ಟು ಹೇಳಿದ ಮೇಲೆ ಮರ ಯಾಕೆ ಅಷ್ಟು ಮುಖ್ಯ ಅನ್ನುವುದು ಅರ್ಥವಾಗುತ್ತದೆ. ಬೀಜ ಎಲ್ಲ ಮರಕ್ಕೂ ಹೋಗಿ ಬೀಳುತ್ತದೆ, ಗಾಳಿಗೆ ಆಯ್ಕೆ ಇಲ್ಲ. ಆದರೆ ಎಲ್ಲ ತೊಗಟೆಯೂ ಒಂದೇ ಅಲ್ಲ. ಹಲಸು, ಹೆಬ್ಬಲಸು, ಮಾವು, ಮತ್ತಿ, ಇವುಗಳ ತೊಗಟೆ ಒರಟು, ಬಿರುಕಿದೆ, ತೇವ ನಿಲ್ಲುತ್ತದೆ, ಹಾವಸೆ, ಕಲ್ಲುಹೂವು ಹಿಡಿಯುತ್ತದೆ. ಇಂಥಲ್ಲಿ ಶಿಲೀಂಧ್ರಕ್ಕೂ ಊಟ ಸಿಗುತ್ತದೆ. ನಂದಿ ಮರ ನೋಡಿ, ನುಣ್ಣಗಿರುತ್ತದೆ, ಸಾಲದ್ದಕ್ಕೆ ಆಗಾಗ ಹಕ್ಕಳೆ ಎದ್ದು ಸಿಪ್ಪೆ ಉದುರಿಸುತ್ತದೆ. ಅದರ ಕಾಂಡದ ಮೇಲೆ ಕೂತ ಬೀಜ ಮೊಳೆಯುವ ಮೊದಲೇ ಸಿಪ್ಪೆ ಸಮೇತ ನೆಲಕ್ಕೆ ಬರುತ್ತದೆ. 17ನೇ ಶತಮಾನದ ಕೊನೆಯಲ್ಲಿ ಡಚ್ಚರ ವಾನ್ ರೀಡ್ ಕೇರಳದ ಗಿಡಗಳ ಬಗ್ಗೆ ಹೊರತಂದ ಹನ್ನೆರಡು ಸಂಪುಟಗಳ 'ಹೋರ್ತುಸ್ ಮಲಬಾರಿಕಸ್'ನಲ್ಲಿ ಸೀತಾಳೆ ದಂಡೆಯ ಚಿತ್ರವಿದೆ. ಅಲ್ಲಿ ಅದಕ್ಕೆ ಕೊಟ್ಟ ಹೆಸರು ಅಂಜಿಲಿ ಮರವರ. ಅಂಜಿಲಿ ಅಂದರೆ ನಮ್ಮ ಹೆಬ್ಬಲಸು. ಗಿಡವನ್ನು ಹೇಳುವಾಗ ಅದು ಕೂತ ಮರವನ್ನೂ ಸೇರಿಸಿಯೇ ಹೇಳಿದ್ದರು ಆ ಕಾಲದವರು.

ಭಾರತೀಯ ಸಸ್ಯ ಸರ್ವೇಕ್ಷಣೆ 2019ರಲ್ಲಿ ದೇಶದ ಆರ್ಕಿಡ್‌ಗಳ ಪಟ್ಟಿ ಹೊರತಂದಾಗ ಒಟ್ಟು 1,256 ಜಾತಿ ಸಿಕ್ಕವು. ಅದರಲ್ಲಿ 757, ಅಂದರೆ ಅರ್ಧಕ್ಕಿಂತ ಎಷ್ಟೋ ಜಾಸ್ತಿ, ಮರದ ಮೇಲೆ ಬೆಳೆಯುವಂಥವು. ಮರ ಹೋದರೆ ಇವಕ್ಕೆ ಬೇರೆ ವಿಳಾಸ ಇಲ್ಲ. ಕಾಫಿ ತೋಟದಲ್ಲಿ ಹಳೇ ಕಾಡುಮರದ ನೆರಳು ತೆಗೆದು ಪೂರ್ತಿ ಸಿಲ್ವರ್ ಓಕ್ ಹಾಕಿದಾಗ, ಗುಡ್ಡದ ಮೇಲೆ ಅಕೇಶಿಯಾ ನೆಟ್ಟು ಹತ್ತು ಹದಿನೈದು ವರ್ಷಕ್ಕೊಮ್ಮೆ ಕಡಿದಾಗ, ದೂರದಿಂದ ನೋಡಿದರೆ ಹಸಿರು ಹಸಿರಾಗಿಯೇ ಕಾಣುತ್ತದೆ. ಆದರೆ ಆರ್ಕಿಡ್‌ಗೆ ಬೇಕಾದ್ದು ಹಸಿರಲ್ಲ, ವಯಸ್ಸಾದ ತೊಗಟೆ. ಹತ್ತು ವರ್ಷಕ್ಕೆ ಕಡಿಯುವ ಮರದ ಮೇಲೆ ಬೀಜ ಮೊಳೆತು ಹೂ ಬಿಡುವ ಹೊತ್ತಿಗೆ ಗರಗಸ ಬಂದಿರುತ್ತದೆ. ಅಡಿಕೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಗಳಲ್ಲಿ, ಹಳೇ ಕಾಫಿ ತೋಟಗಳಲ್ಲಿ, ರಸ್ತೆ ಬದಿಯ ಅಜ್ಜ ನೆಟ್ಟ ಮಾವಿನ ಸಾಲುಗಳಲ್ಲಿ ಸೀತಾಳೆ ಇನ್ನೂ ಉಳಿದಿದ್ದರೆ ಅದು ಆ ಮರಗಳ ವಯಸ್ಸಿನ ಕಾರಣಕ್ಕೆ. ರಸ್ತೆ ಅಗಲ ಮಾಡುವಾಗ ಇಂಥ ಸಾಲುಮರ ಉರುಳಿದರೆ ಬೇರೆ ಕಡೆ ಹತ್ತು ಸಸಿ ನೆಟ್ಟೆವು ಅನ್ನುತ್ತಾರೆ. ಸಸಿ ನೆಡಲಿ, ಒಳ್ಳೆಯದೇ. ಸಸಿಯ ಮೇಲೆ ಸೀತಾಳೆ ಕೂರಲು ಹಲವು ದಶಕ ಬೇಕು ಅನ್ನುವುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಹೂವು. ಸೀತಾಳೆಯ ಒಂದು ಹೂವಿನ ಒಳಗೆ ತೆಳು ಪೊರಕೆ ಕಡ್ಡಿಯ ತುದಿಯನ್ನು ಮೆಲ್ಲಗೆ ಹಾಕಿ ಹೊರಗೆ ತೆಗೆದು ನೋಡಿ. ತುಟಿಯ ಬುಡದಲ್ಲಿ ಒಂದು ಸಣ್ಣ ಚೀಲವಿದೆ, ಅದರ ಮೇಲೆ ಹಕ್ಕಿಯ ಕೊಕ್ಕಿನ ಆಕಾರದ ಒಂದು ಗಿಡ್ಡ ಕಂಬ. ಕಡ್ಡಿ ಹಿಂದೆ ಎಳೆಯುವಾಗ ಆ ಕೊಕ್ಕಿಗೆ ತಾಗಿದರೆ ತುದಿಗೆ ಏನೋ ಅಂಟಿಕೊಂಡು ಬರುತ್ತದೆ. ಭೂತಗನ್ನಡಿ ಇದ್ದರೆ ಚೆನ್ನಾಗಿ ಕಾಣುತ್ತದೆ. ಎರಡು ಹಳದಿ ಉಂಡೆ, ಅವನ್ನು ಹೊತ್ತ ಒಂದು ಸಣ್ಣ ಕಡ್ಡಿ, ಕಡ್ಡಿಯ ಬುಡದಲ್ಲಿ ಅಂಟು ತುಂಬಿದ ಒಂದು ಬಿಲ್ಲೆ. ದಾಸವಾಳದ ಹಾಗೆ ಪರಾಗ ಇಲ್ಲಿ ಹುಡಿಯಾಗಿ ಉದುರುವುದಿಲ್ಲ. ಹೂವಿನ ಅಷ್ಟೂ ಪರಾಗ ಆ ಎರಡು ಉಂಡೆಗಳಲ್ಲೇ ಇದೆ. ಕೀಟ ಬಂದು ತಲೆ ತೂರಿಸಿ ಹೊರಗೆ ಬರುವಾಗ ಬಿಲ್ಲೆ ಅದರ ಮೈಗೆ ಅಂಟುತ್ತದೆ, ಉಂಡೆಗಳು ಸವಾರಿ ಹೊರಡುತ್ತವೆ.

ಯಾಕೆ ಹೀಗೆ? ಕಾಯಿಯೊಳಗೆ ಸಾವಿರಗಟ್ಟಲೆ ಬೀಜ ಬೇಕು ಅಂದರೆ ಸಾವಿರಗಟ್ಟಲೆ ಪರಾಗ ಕಣ ಒಂದೇ ಸಲಕ್ಕೆ ಬರಬೇಕು. ಹುಡಿ ಹುಡಿಯಾಗಿ ಬಂದರೆ ಸಾಲುವುದಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಕೀಟದ ಬೆನ್ನಿಗೆ ಕಟ್ಟಿ ಕಳಿಸುತ್ತದೆ. ಆ ಕೀಟ ಇನ್ನೊಂದು ಸೀತಾಳೆಗೆ ಹೋದರೆ ಪೂರ್ತಿ ಲಾಭ, ಹೋಗದಿದ್ದರೆ ಪೂರ್ತಿ ನಷ್ಟ. ಬೇರೆ ಗಿಡಗಳಲ್ಲಿ ಅಷ್ಟಾಗಿ ಕಾಣದ ಇನ್ನೊಂದು ಸಂಗತಿಯೂ ಇದೆ. ಬಹಳಷ್ಟು ಆರ್ಕಿಡ್‌ಗಳಲ್ಲಿ ಹೂ ಅರಳಿದಾಗ ಅಂಡಾಣುಗಳು ಇನ್ನೂ ಪೂರ್ತಿ ಬೆಳೆದೇ ಇರುವುದಿಲ್ಲ. ಪರಾಗ ಬಂದು ತಲುಪಿದ ಮೇಲೆಯೇ ಅವು ಬೆಳೆಯಲು ಶುರುವಾಗುತ್ತವೆ. ಬರುತ್ತದೋ ಇಲ್ಲವೋ ಗೊತ್ತಿಲ್ಲದ ಅತಿಥಿಗೆ ಮೊದಲೇ ಅಡುಗೆ ಮಾಡಿ ಹಾಳುಮಾಡುವುದಿಲ್ಲ. ಡಾರ್ವಿನ್ ತಮ್ಮ ಊರಿನ ಒಂದು ಆರ್ಕಿಡ್‌ನಲ್ಲಿ ಪೆನ್ಸಿಲ್ ತುದಿಗೆ ಅಂಟಿದ ಉಂಡೆಗಳು ಸುಮಾರು ಅರ್ಧ ನಿಮಿಷದಲ್ಲಿ ಮುಂದಕ್ಕೆ ಬಾಗುವುದನ್ನು ನೋಡಿದರು. ಬಾಗಿದ ಮೇಲೆ ಅವು ಮುಂದಿನ ಹೂವಿನಲ್ಲಿ ಸರಿಯಾಗಿ ಶಲಾಕಾಗ್ರಕ್ಕೇ, ಅಂದರೆ ಪರಾಗ ಹಿಡಿಯುವ ಭಾಗಕ್ಕೇ, ತಾಗುವ ಕೋನದಲ್ಲಿರುತ್ತವೆ. ಅಷ್ಟು ಹೊತ್ತಿಗೆ ಕೀಟ ಬೇರೆ ಗಿಡಕ್ಕೆ ಹೋಗಿರುವ ಸಾಧ್ಯತೆ ಜಾಸ್ತಿ.

ಇಷ್ಟು ಉಪಕಾರ ಮಾಡುವ ಕೀಟಕ್ಕೆ ಪ್ರತಿಫಲ ಏನು ಅಂದರೆ, ಬಹಳ ಸಲ ಏನೂ ಇಲ್ಲ. ಪ್ರಪಂಚದ ಆರ್ಕಿಡ್ ಜಾತಿಗಳಲ್ಲಿ ಸುಮಾರು ಮೂರನೇ ಒಂದು ಪಾಲು ಮಕರಂದವನ್ನೇ ಕೊಡದೆ ಕೀಟವನ್ನು ಯಾಮಾರಿಸುತ್ತವೆ ಅನ್ನುವುದು ವಿಜ್ಞಾನಿಗಳ ಅಂದಾಜು. ನಮಗೆ ಚೆನ್ನಾಗಿ ಗೊತ್ತಿರುವ ತುಡುವೆ ಜೇನನ್ನೇ ತೆಗೆದುಕೊಳ್ಳಿ. ಮಲೆನಾಡಿನಲ್ಲಿ ಪೆಟ್ಟಿಗೆಯಲ್ಲಿ ಸಾಕುವ ಅದೇ ಜಾತಿ ಜಪಾನಿನಲ್ಲೂ ಇದೆ. ಅಲ್ಲಿನವರು ಮನೆಯಲ್ಲಿ ಬೆಳೆಸುವ ಸಿಂಬಿಡಿಯಂ ಫ್ಲೋರಿಬಂಡಂ ಅನ್ನುವ ಆರ್ಕಿಡ್ ಹೂ ಬಿಟ್ಟಾಗ, ಗೂಡು ಬಿಟ್ಟು ಹೊರಟ ಇಡೀ ಜೇನುಹಿಂಡು ಬಂದು ಆ ಹೂವಿನ ಮೇಲೆ ಕೂತುಬಿಡುತ್ತದೆ. ಬೇರೆ ಹೂವಿನ ಕಡೆ ತಲೆ ಹಾಕದ ಗಂಡುನೊಣಗಳೂ ಬರುತ್ತವೆ. ಮಕರಂದ ಒಂದು ತೊಟ್ಟೂ ಇಲ್ಲ. ಜೇನುನೊಣದ ತಲೆಯ ಗ್ರಂಥಿಗಳಲ್ಲಿರುವ ಎರಡು ರಾಸಾಯನಿಕಗಳನ್ನೇ ಹೂವೂ ಸೂಸುತ್ತದೆ ಅಂತ 2013ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಅಲ್ಲಿನ ಜೇನು ಸಾಕುವವರಿಗೆ ಕಾರಣ ಗೊತ್ತಿಲ್ಲದಿದ್ದರೂ ಉಪಯೋಗ ಮೊದಲೇ ಗೊತ್ತಿತ್ತು. ಖಾಲಿ ಪೆಟ್ಟಿಗೆ ಪಕ್ಕ ಹೂ ಬಿಟ್ಟ ಕುಂಡ ಇಟ್ಟು ಹಿಂಡು ಹಿಡಿಯುತ್ತಾರೆ.

ಚೀನಾದ ಹೈನಾನ್ ದ್ವೀಪದ ಡೆಂಡ್ರೋಬಿಯಂ ಸಿನೆನ್ಸ್ ಅನ್ನುವುದು ಇನ್ನೊಂದು ಹೆಜ್ಜೆ ಮುಂದೆ. ಅಪಾಯ ಬಂದಾಗ ಜೇನುನೊಣಗಳು ಬಿಡುವ ವಾಸನೆಯ ಒಂದು ಅಂಶ ಅದರ ಹೂವಿನಲ್ಲಿದೆ. ಜೇನು ಅದಕ್ಕೆ ಹತ್ತಿರ ಬರುವುದಿಲ್ಲ. ಬರುವುದು ಜೇನನ್ನು ಬೇಟೆಯಾಡುವ ಕಣಜ. ತನ್ನ ಮರಿಗಳಿಗೆ ಜೇನುನೊಣ ಹಿಡಿಯಲು ಹುಡುಕುತ್ತಾ ಬಂದ ಕಣಜ ಹೂವಿನ ಕೆಂಪು ನಡುಭಾಗದ ಮೇಲೆ ಎರಗುತ್ತದೆ, ಬೆನ್ನಿಗೆ ಪರಾಗದ ಉಂಡೆ ಅಂಟಿಸಿಕೊಂಡು ಬರಿಗೈಲಿ ಹೋಗುತ್ತದೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಊಟ ಹಾಕದ ಹೂವು ಉಳಿಯಬೇಕಾದರೆ ಊಟ ಹಾಕುವ ಹೂಗಳು ಸುತ್ತಮುತ್ತ ಇರಲೇಬೇಕು. ನೇರಳೆ, ಮತ್ತಿ, ಹೊಳೆಬದಿಯ ಪೊದೆಗಳು, ಬೇಲಿ ಮೇಲಿನ ಬಳ್ಳಿಗಳು ಜೇನನ್ನು ಸಾಕದಿದ್ದರೆ ಆರ್ಕಿಡ್‌ಗೆ ಯಾಮಾರಿಸಲು ಕೂಡ ಯಾರೂ ಸಿಗುವುದಿಲ್ಲ.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಪ್ರವಾಸಕ್ಕೆ ಬಂದವರು ಘಾಟಿ ದಾರಿಯಲ್ಲಿ ಕೊಂಬೆಯಿಂದ ಸೀತಾಳೆ ಕಿತ್ತು ಬ್ಯಾಗಿಗೆ ಹಾಕಿಕೊಳ್ಳುವುದು ಇನ್ನೂ ನಿಂತಿಲ್ಲ. ಕೀಳುವಾಗ ಅಂಟಿದ ಬೇರು ಹರಿಯುತ್ತದೆ, ವೆಲಮೆನ್ ತೊಗಟೆಯಲ್ಲೇ ಉಳಿಯುತ್ತದೆ. ಊರಿಗೆ ತಂದು ಕುಂಡದ ಮಣ್ಣಿಗೆ ನೆಟ್ಟರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಬಹಳ ಕಾಳಜಿ ಮಾಡಿದವರ ಬಾಲ್ಕನಿಯಲ್ಲಿ ಬದುಕಿ ಹೂವೂ ಬಿಡಬಹುದು, ದೊಡ್ಡ ಗಿಡಕ್ಕೆ ಎಲೆ ಇದೆ, ಶಿಲೀಂಧ್ರ ಇಲ್ಲದೆಯೂ ನಡೆಯುತ್ತದೆ. ಆದರೆ ಅದರ ಬೀಜ ಎಂದೂ ಗಿಡವಾಗುವುದಿಲ್ಲ. ಕಾಡಿನ ಲೆಕ್ಕದಲ್ಲಿ ಆ ಗಿಡ ಅವತ್ತೇ ಸತ್ತ ಹಾಗೆ. ಆರ್ಕಿಡ್ ಬೇಕೇ ಬೇಕು ಅನ್ನುವವರಿಗೆ ದಾರಿ ಇದೆ. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಸಕ್ಕರೆ ಬೆರೆಸಿದ ಮಾಧ್ಯಮದ ಮೇಲೆ ಶಿಲೀಂಧ್ರವೇ ಇಲ್ಲದೆ ಆರ್ಕಿಡ್ ಬೀಜ ಮೊಳೆಸಿ ತೋರಿಸಿದರು. ಇವತ್ತು ನರ್ಸರಿಗಳಲ್ಲಿ ಸಿಗುವ ಆರ್ಕಿಡ್‌ಗಳು ಹೀಗೆ ಬಾಟಲಿಯೊಳಗೆ ಹುಟ್ಟಿದವು, ಇಲ್ಲವೇ ಗಿಡದ ಅಂಗಾಂಶದಿಂದ ಬೆಳೆಸಿದವು. ಅಂಥವನ್ನೇ ಕೊಳ್ಳಿ, ಎಲ್ಲಿ ಬೆಳೆಸಿದ್ದು ಅಂತ ಕೇಳಿ ಕೊಳ್ಳಿ. ದೇಶ ದಾಟುವ ಆರ್ಕಿಡ್ ವ್ಯಾಪಾರಕ್ಕೆ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಕಡಿವಾಣ ಇದೆ, ಕಾಡಿನಿಂದ ಕೀಳುವುದು ಅಪರಾಧ.

ಗಾಳಿಮಳೆಗೆ ನಿಮ್ಮ ಹಿತ್ತಲಿನ ಮರವೇ ಮುರಿದು ಬಿದ್ದರೆ ಮಾತು ಬೇರೆ. ನೆಲದ ಮೇಲೆ ಬಿಟ್ಟರೆ ಸೀತಾಳೆ ಕೊಳೆಯುತ್ತದೆ. ಆಗ ಗಿಡವನ್ನು ಕೊಂಬೆಯಿಂದ ಬಿಡಿಸಬೇಡಿ, ಕೊಂಬೆಯನ್ನೇ ಗಿಡದ ಎರಡೂ ಬದಿ ಗೇಣುಗೇಣು ಬಿಟ್ಟು ಕೊಯ್ಯಿರಿ. ಆ ತೊಗಟೆಯಲ್ಲಿ ಅದರ ಶಿಲೀಂಧ್ರ ಇದೆ. ಆ ತುಂಡನ್ನು ಹಾಗೇ ತೆಗೆದುಕೊಂಡು ಹತ್ತಿರದ ಇನ್ನೊಂದು ಮಾವಿಗೋ ಹಲಸಿಗೋ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ, ತೆಂಗಿನ ನಾರಿನ ಹಗ್ಗದಿಂದ ಅಲುಗಾಡದಂತೆ ಕಟ್ಟಿ. ಮೊಳೆ ಹೊಡೆಯುವುದು, ಪ್ಲಾಸ್ಟಿಕ್ ಸುತ್ತುವುದು, ಸಗಣಿ ಮೆತ್ತುವುದು ಯಾವುದೂ ಬೇಡ. ಹಳೇ ಬೇರು ಹೊಸ ಮರಕ್ಕೆ ಅಂಟುವುದಿಲ್ಲ. ಮಳೆಗಾಲದಲ್ಲಿ ಹಸಿರು ತುದಿಯ ಹೊಸ ಬೇರು ಬರುತ್ತದೆ, ಅದು ಹಿಡಿದುಕೊಳ್ಳುತ್ತದೆ. ಮೊದಲ ವರ್ಷ ಹೂ ಬರದಿದ್ದರೆ ಗಾಬರಿ ಬೇಡ. ಬಂದ ವರ್ಷ ಮುಡಿಯಲು ಒಂದು ಗೊಂಚಲು ಕೊಯ್ದುಕೊಂಡರೂ ಒಂದನ್ನಾದರೂ ಗಿಡದ ಮೇಲೇ ಬಿಡಿ. ಹೂ ಬಾಡಿದ ಮೇಲೆ ಅದರಲ್ಲಿ ನಾಲ್ಕು ಕಾಯಿ ಕಟ್ಟಿದ್ದು ಕಂಡರೆ ಒಣಗಿದೆ ಅಂತ ಕತ್ತರಿಸಿ ಹಾಕಬೇಡಿ, ಅದು ಮಾಗಿ ಬಿರಿಯಲು ತಿಂಗಳುಗಟ್ಟಲೆ ಹಿಡಿಯುತ್ತದೆ.